ಬೆಣ್ಣೆಕೈ ಫೋನಿಗೆ ಹೇಳಿದ ಗುಟ್ಟು

ಅಂಚೆಯಣ್ಣನ ಗದ್ದ ಮೇಲಕ್ಕೆತ್ತಿತ್ತು. ಕೊರಳ ತುಂಬ ನೊರೆ. ಬೆಣ್ಣೆಕೈಯ ರೇಜರು ಗಂಟಲಿನ ಉಬ್ಬಿನ ಪಕ್ಕಕ್ಕೆ ಬಂದಿತ್ತು. ಅಷ್ಟರಲ್ಲಿ ಗೋಡೆಯ ಟೀವಿಯಲ್ಲಿ ಬರುತ್ತಿದ್ದ ಹಾಡು ನಡುವೆಯೇ ನಿಂತು, ಮೆತ್ತನೆಯ ಹೆಣ್ಣುದನಿಯೊಂದು ಕೇಳಿತು: “ನಿಮ್ಮ ಕೈ ನಡುಗುತ್ತಿದೆಯೇ? ಇನ್ನು ಚಿಂತೆ ಬೇಡ.”

ರೇಜರು ಇದ್ದಲ್ಲೇ ನಿಂತಿತು.

“ಅಲ್ಲಪ್ಪಾ,” ಅಂದ ಅಂಚೆಯಣ್ಣ, ತುಟಿಯನ್ನಷ್ಟೇ ಅಲುಗಿಸಿ, “ನಿನ್ನ ಟೀವಿ ನಿನ್ನನ್ನೇ ವಿಚಾರಿಸ್ಕೊಳ್ತಾ ಇದೆ.”

ಪಕ್ಕದ ಕುರ್ಚಿಯಲ್ಲಿ ಯಾರದೋ ತಲೆ ಬಗ್ಗಿಸಿ ಕತ್ತರಿಯಾಡಿಸುತ್ತಿದ್ದ ಭಾವಮೈದ ಕಿಸಕ್ಕನೆ ನಕ್ಕ. ಬೆಂಚಿನ ಮೇಲೆ ಕಾಯುತ್ತ ಕೂತವರೂ ನಕ್ಕರು. ಬೆಣ್ಣೆಕೈಯೂ ನಕ್ಕ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ನಗುತ್ತಲೇ ಎಡಗೈಯನ್ನು ಟವಲಿನ ಮಡಿಕೆಯೊಳಗೆ ತೂರಿಸಿದ.

ಆ ಕೈ ನಡುಗುತ್ತಿದ್ದುದು ನಿಜ. ಈಚೆಗೆ ಶುರುವಾದದ್ದು. ಕೆಲಸ ಮಾಡುವಾಗ ಇಲ್ಲ. ಸುಮ್ಮನೆ ಮಂಡಿಯ ಮೇಲೆ ಇಟ್ಟಾಗ ಹೆಬ್ಬೆರಳೂ ತೋರುಬೆರಳೂ ಅದೇನೋ ಕಾಣದ ಗೋಲಿಯೊಂದನ್ನು ಉರುಳಿಸುತ್ತ ಕೂರುತ್ತಿದ್ದವು. ರೇಜರು ಹಿಡಿಯುವುದು ಬಲಗೈಯಾದರೂ ಕ್ಷೌರದ ಅರ್ಧ ಕೆಲಸ ಎಡಗೈಯದು. ಚರ್ಮವನ್ನು ಹಿಗ್ಗಿಸಿ ಹಿಡಿಯುವುದು ಅದು. ಹಿಡಿದ ಚರ್ಮ ಜಾರಿದರೆ ಅಲಗು ಕೂದಲನ್ನು ಬಿಟ್ಟು ಮಾಂಸವನ್ನು ಹುಡುಕುತ್ತದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕ್ಷೌರ ಮಾಡುತ್ತಾನೆ ಅಂತಲೇ ಆ ಬೀದಿ ಆತನಿಗೆ ಬೆಣ್ಣೆಕೈ ಎಂದು ಹೆಸರಿಟ್ಟಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಅಂಗಡಿಯ ಪರವಾನಗಿಯ ಮೇಲೆ ಮಾತ್ರ ಉಳಿದಿತ್ತು. ಬೆಣ್ಣೆಕೈ ನಡುಗುತ್ತದೆ ಎಂಬ ಸುದ್ದಿ ಒಮ್ಮೆ ಬೀದಿಗೆ ಬಿದ್ದರೆ ಯಾವ ಗಂಡಸು ಆ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕತ್ತು ಎತ್ತುತ್ತಾನೆ?

ಟೀವಿ ಇದ್ದದ್ದು ಗಿರಾಕಿಗಳ ಬೆನ್ನ ಹಿಂದೆ, ಕನ್ನಡಿಗೆ ಎದುರಾಗಿ. ಅದರಲ್ಲಿ ಏನು ಬಂದರೂ ಕನ್ನಡಿಯಲ್ಲಿ ಅಕ್ಷರ ತಿರುಗುಮುರುಗಾಗಿ ಕಾಣುತ್ತಿತ್ತು. ಇಡೀ ಜೀವಮಾನ ಕನ್ನಡಿಯಲ್ಲೇ ಲೋಕ ನೋಡಿದವನಿಗೆ ಆ ತಿರುಗು ಅಕ್ಷರ ನೇರ ಅಕ್ಷರದಷ್ಟೇ ಸಲೀಸು. ಓದಿದ. ಮಣಿಕಟ್ಟಿಗೆ ಕಟ್ಟುವ ಅದೇನೋ ಪಟ್ಟಿ; ಕಟ್ಟಿಕೊಂಡರೆ ನಡುಕ ಮಾಯವಂತೆ. ಹಾಡು ಮತ್ತೆ ಶುರುವಾಯಿತು. ಬೆಣ್ಣೆಕೈ ಉಸಿರು ಬಿಗಿಹಿಡಿದು ಅಂಚೆಯಣ್ಣನ ಕೊರಳನ್ನು ಮುಗಿಸಿದ. ಒಂದು ಗೀರೂ ಬೀಳಲಿಲ್ಲ. ಆದರೆ ತಲೆಯೊಳಗೆ ಒಂದೇ ಪ್ರಶ್ನೆ: ಇದಕ್ಕೆ ಹೇಳಿದವರು ಯಾರು?

ಏಕೆಂದರೆ ಆತ ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ ಇಲ್ಲ, ಭಾವಮೈದನಿಗೂ ಇಲ್ಲ, ಡಾಕ್ಟರಿಗಂತೂ ಇಲ್ಲವೇ ಇಲ್ಲ. ಕೇಳಿದ್ದು ಒಂದು ಫೋನನ್ನು. ಅದೂ ಮನೆಯ ಬಚ್ಚಲಲ್ಲಿ, ಚಿಲಕ ಹಾಕಿಕೊಂಡು, ನಲ್ಲಿ ಬಿಟ್ಟುಕೊಂಡು. ಬೆರಳಲ್ಲಿ ಒತ್ತಿ ಬರೆಯುವುದಕ್ಕೆ ಸದ್ದೇ ಆಗುವುದಿಲ್ಲ; ಆದರೂ ನಲ್ಲಿ ಬಿಟ್ಟಿದ್ದ.

*

ಆತ ಈ ಕಸುಬು ಕಲಿತದ್ದು ಸೋದರಮಾವನ ಕೈಯಲ್ಲಿ. ಮಾವ ಕತ್ತರಿ ಕೊಡುವ ಮೊದಲು ಪೊರಕೆ ಕೊಟ್ಟಿದ್ದ. “ಕುರ್ಚಿ ಮೇಲೆ ಕೂತವನು ಏನೇನೋ ಹೇಳ್ತಾನೆ. ಮುಖಕ್ಕೆ ಬಿಸಿ ಟವಲ್ ಬಿದ್ರೆ ಕಲ್ಲೂ ಮಾತಾಡತ್ತೆ. ಅವನು ಎದ್ದು ಹೋದ ಮೇಲೆ ಕೂದಲ ಜೊತೆ ಅವನ ಮಾತನ್ನೂ ಗುಡಿಸಿ ಆಚೆ ಹಾಕು. ಒಬ್ಬನ ಕೂದಲು ಇನ್ನೊಬ್ಬನ ಹೆಗಲಿಗೆ ಅಂಟಿದ್ರೆ ಅಂಗಡಿ ಗಲೀಜು ಅಂತಾರೆ. ಒಬ್ಬನ ಮಾತು ಇನ್ನೊಬ್ಬನ ಕಿವಿಗೆ ಅಂಟಿದ್ರೆ ಅಂಗಡೀನೇ ಮುಚ್ಚಬೇಕಾಗತ್ತೆ.” ಅದೇ ಪಾಠ. ಅದಕ್ಕೆ ಪರೀಕ್ಷೆಯೂ ಇರಲಿಲ್ಲ, ಸರ್ಟಿಫಿಕೇಟೂ ಇರಲಿಲ್ಲ.

ಆ ಪಾಠವನ್ನು ಬೆಣ್ಣೆಕೈ ಒಂದು ದಿನವೂ ಮುರಿದವನಲ್ಲ. ಬೀದಿಯ ಔಷಧಿ ಅಂಗಡಿಯವನ ನೆತ್ತಿಯಲ್ಲಿ ರೂಪಾಯಿಯಗಲ ಬೋಳಾದದ್ದನ್ನು, ಮುಂದಿನ ಕೂದಲನ್ನು ಹಿಂದಕ್ಕೆ ಬಾಚಿ ಮುಚ್ಚಿ ಕಳಿಸುತ್ತಿದ್ದ. ಅದು ಆ ಔಷಧಿಯವನ ಹೆಂಡತಿಗೇ ಗೊತ್ತಿತ್ತೋ ಇಲ್ಲವೋ. ಕೆಲಸ ಹೋದ ಗಂಡಸರು ಮನೆಯಲ್ಲಿ ಹೇಳಲಾಗದೆ, ಆಫೀಸಿನ ಹೊತ್ತಿಗೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಆ ಬೆಂಚಿನ ಮೇಲೆ ಪೇಪರು ಓದುತ್ತ ಕೂತದ್ದುಂಟು. ಬೆಣ್ಣೆಕೈ ಅವರನ್ನು “ಇವತ್ತು ರಜೆನಾ?” ಅಂತ ಒಂದು ದಿನವೂ ಕೇಳಲಿಲ್ಲ. ಊರಿನ ಅರ್ಧ ಗುಟ್ಟು ಆತನ ಹೊಟ್ಟೆಯಲ್ಲಿತ್ತು. ಹೊಟ್ಟೆ ದಪ್ಪಗಾಗಿದ್ದೇ ಅದಕ್ಕೆ ಅಂತ ಹೆಂಡತಿಯ ತಮಾಷೆ.

ಅಂಥವನ ಗುಟ್ಟನ್ನು ಆತನ ಸ್ವಂತ ಅಂಗಡಿಯಲ್ಲಿ, ಆತನೇ ಕರೆಂಟು ಕೊಟ್ಟು ಸಾಕಿದ ಟೀವಿ, ಗಿರಾಕಿಗಳ ಎದುರಿಗೆ ಡಂಗುರ ಹೊಡೆದಿತ್ತು. ಬೇಲಿಯೇ ಎದ್ದು ಹೊಲ ಮೇಯ್ದದ್ದೆಂದರೆ ಇದೇ. ಒಂದು ಕ್ಷೌರದಂಗಡಿಗೆ ಇರಬೇಕಾದಷ್ಟೂ ನಿಯತ್ತು ಇಲ್ಲದ ಯಂತ್ರಗಳನ್ನು ಜನ ದಿಂಬಿನ ಪಕ್ಕ ಮಲಗಿಸಿಕೊಳ್ಳುತ್ತಾರೆ, ಮಕ್ಕಳ ಕೈಗೆ ಕೊಡುತ್ತಾರೆ, ರೋಗ ಬಂದರೆ ತಾಯಿಗಿಂತ ಮೊದಲು ಅದಕ್ಕೆ ಹೇಳುತ್ತಾರೆ. ಅದು ಕೇಳಿಸಿಕೊಂಡು, ಹಿತ್ತಲ ಬಾಗಿಲಿಂದ ಹೋಗಿ ಮಾರಿ ಬರುತ್ತದೆ. ಇದಕ್ಕೆ ‘ಸೇವೆ’ ಎಂದು ಹೆಸರು. ನಾಚಿಕೆಯಾಗಬೇಕಾದವರಲ್ಲಿ ಯಾರಿಗೂ ನಾಚಿಕೆಯಾಗಿಲ್ಲ.

ಬೆಣ್ಣೆಕೈಗೂ ಸಿಟ್ಟು ಬಂತು. ಆದರೆ ಆತನ ಸಿಟ್ಟು ಹೆಚ್ಚು ಹೊತ್ತು ಸಿಟ್ಟಾಗಿಯೇ ಇರುವ ಜಾತಿಯದ್ದಲ್ಲ. ಸ್ವಲ್ಪ ಕಾದ ಮೇಲೆ ಕುತೂಹಲವಾಗಿ ಬಿಡುತ್ತಿತ್ತು. ಗಡಿಯಾರ ಕೆಟ್ಟರೆ ಎಸೆಯುವ ಬದಲು ಬಿಚ್ಚಿ ನೋಡುವವರ ಪೈಕಿ ಆತ. ಬಚ್ಚಲಲ್ಲಿ ಕೇಳಿದ ಮಾತು ಅಂಗಡಿಯ ಗೋಡೆಗೆ ಹೇಗೆ ಹೋಯಿತು? ಯಾವ ದಾರಿ ಹಿಡಿದು ಹೋಯಿತು? ನಡುವೆ ಎಲ್ಲೆಲ್ಲಿ ನಿಂತು ಹೋಯಿತು?

*

ಮೊದಲ ಅನುಮಾನ ಭಾವಮೈದನ ಮೇಲೆ. ಹೆಂಡತಿಯ ತಮ್ಮ, ಪಕ್ಕದ ಕುರ್ಚಿ ಅವನದು, ಯಂತ್ರ ಅಂದರೆ ಅವನಿಗೆ ಜೀವ. ಅಂಗಡಿಯ ಟೀವಿ, ಭಾವನ ಫೋನು, ಮನೆಯ ಹಳೇ ಕಂಪ್ಯೂಟರು ಎಲ್ಲವನ್ನೂ ಒಂದೇ ಖಾತೆಗೆ ಸೇರಿಸಿದ್ದವನು ಅವನೇ.

“ಒಂದೇ ಕೀಲಿ, ಎಲ್ಲಾ ಬೀಗಕ್ಕೂ ಆಗತ್ತೆ ಭಾವ. ನೀವು ಮನೇಲಿ ಅರ್ಧ ಕೇಳಿದ ಹಾಡು ಅಂಗಡೀಲಿ ಅಲ್ಲಿಂದಾನೇ ಶುರುವಾಗತ್ತೆ. ಇದಕ್ಕಿಂತ ಸುಖ ಬೇಕಾ?”

“ಕಳ್ಳನಿಗೂ ಒಂದೇ ಕೀಲಿ ಸಾಕಲ್ವೇನೋ?” ಅಂತ ಬೆಣ್ಣೆಕೈ ಆಗ ತಮಾಷೆಗೆ ಅಂದಿದ್ದ. ಈಗ ಅದು ತಮಾಷೆಯಾಗಿ ಉಳಿದಿರಲಿಲ್ಲ.

ಅನುಮಾನವನ್ನು ಪರೀಕ್ಷೆ ಮಾಡಲು ಆತ ಒಂದು ಉಪಾಯ ಹೂಡಿದ. ತನಗೆ, ತನ್ನ ಏಳು ತಲೆಮಾರಿಗೆ ಬೇಡವಾದದ್ದೇನು ಅಂತ ಯೋಚಿಸಿದ. ಒಂಟೆ ಹೊಳೆಯಿತು. ಖಾತೆಯಿಂದ ಹೊರಬಂದು, ಫೋನಿನಲ್ಲಿ ‘ಗುಪ್ತ ಕಿಟಕಿ’ ಅಂತ ಇರುತ್ತದಲ್ಲ, ಅದನ್ನು ತೆರೆದು, ಒಂಟೆ ಸಾಕುವುದು ಹೇಗೆ, ಒಂಟೆ ಎಷ್ಟು ತಿನ್ನುತ್ತದೆ, ಒಂಟೆಗೆ ಸಿಟ್ಟು ಯಾಕೆ ಬರುತ್ತದೆ ಅಂತೆಲ್ಲ ಹುಡುಕಿದ. ಅದು ತೋರಿಸಿದ ಪುಟಗಳನ್ನು ಒಂದೊಂದಾಗಿ ತೆರೆದು, ಓದಿ, ಕಾದ. ಸಿಟ್ಟಿನ ವಿಷಯ ಓದುತ್ತ ಒಂಟೆಯ ಮೇಲೆ ಸ್ವಲ್ಪ ಗೌರವವೂ ಬಂತು.

ಅಂಗಡಿಯ ಟೀವಿಗೆ ಒಂಟೆ ಬರಲಿಲ್ಲ. ಖಾತೆಯ ದಾರಿ ಮುಚ್ಚಿದ್ದಕ್ಕೆ ಅಲ್ಲಿಗೆ ಬರಲಿಲ್ಲ ಎಂದು ಹಿಗ್ಗಿದ. ಆದರೆ ಎರಡು ದಿನ ಬಿಟ್ಟು, ಸಂಜೆ, ಪ್ರೆಸ್ಸಿನಲ್ಲಿ ಪುಸ್ತಕಕ್ಕೆ ರಟ್ಟು ಹಾಕುವ ಕೆಲಸ ಮುಗಿಸಿ ಬಂದ ಹೆಂಡತಿ ಚಪ್ಪಲಿ ಬಿಡುತ್ತ ಕೇಳಿದಳು:

“ಏನ್ರೀ, ಬೆಳಿಗ್ಗೆಯಿಂದ ನನ್ನ ಫೋನಲ್ಲಿ ಬರೀ ಒಂಟೆ. ಒಂಟೆ ಹಾಲಿನ ಸೋಪು, ಒಂಟೆ ಕೂದಲಿನ ಕಂಬಳಿ, ಒಂಟೆ ಮೇಲೆ ಕೂತು ಮರಳುಗಾಡು ನೋಡೋದು. ಮನೆಗೇನಾದ್ರೂ ತರ್ತಾ ಇದೀರಾ? ಮೊದ್ಲೇ ಹೇಳಿ, ಬಾಲ್ಕನಿ ತೊಳೆದಿಡ್ತೀನಿ.”

ಬೆಣ್ಣೆಕೈಗೆ ನಗು ತಡೆಯಲಾಗಲಿಲ್ಲ. ನಗು ಮುಗಿದ ಮೇಲೆ ಲೆಕ್ಕ ಹಾಕಿದ. ಹೆಂಡತಿಯ ಫೋನಿಗೆ ಅವಳದೇ ಬೇರೆ ಖಾತೆ. ಅಲ್ಲಿಗೆ ಒಂಟೆ ಹೋಗಿದೆ ಅಂದರೆ ಕೈ ನಡುಕವೂ ಹೋಗಿರಬಹುದು, ಇಲ್ಲ ಹೊರಟಿರಬಹುದು. ಇನ್ನೂ ಕೆಟ್ಟದ್ದೆಂದರೆ, ದಾರಿ ಒಂದಲ್ಲ. ಹಲವು.

“ಒಂಟೆ ಬರಲ್ಲ,” ಅಂದ. “ಒಂದು ಲೆಕ್ಕ ನೋಡ್ತಾ ಇದ್ದೆ.”

“ಒಂಟೆ ಲೆಕ್ಕ,” ಅಂದಳು ಅವಳು. “ನಿಮ್ಮ ತಲೆ ನೀವೇ ಕೆರ್ಕೊಳ್ಳಿ, ಅದು ನಿಮ್ಮ ಕಸುಬು.”

*

ಅಂಗಡಿಯ ಎದುರು ಸಾಲಿನಲ್ಲಿ, ಮೆಟ್ಟಿಲ ಕೆಳಗಿನ ಕಿರಿದಾದ ಕೋಣೆಯಲ್ಲಿ ರಿಪೇರಿ ಅಕ್ಕನ ಅಂಗಡಿ. ಬೀದಿಯವರೆಲ್ಲ, ಅವಳಿಗಿಂತ ಹಿರಿಯರೂ, ಅವಳನ್ನು ಹಾಗೇ ಕರೆಯುವುದು. ಜನ ಎಸೆದ ಕಂಪ್ಯೂಟರುಗಳನ್ನು ತಂದು, ಬಿಚ್ಚಿ, ಧೂಳು ಊದಿ, ಅದಕ್ಕೆ ಬೇರೆಯದೇ ಸಾಫ್ಟ್‌ವೇರ್ ತುಂಬಿ ಮತ್ತೆ ಜೀವ ಬರಿಸುವುದು ಅವಳ ಕೆಲಸ. ಮೇಜಿನ ಮೇಲೆ ತಿರುಪುಮೊಳೆಗಳ ಡಬ್ಬಿ, ಟೂತ್‌ಬ್ರಶ್ಶು, ಬಾಯಿ ತೆರೆದ ಮೂರು ಲ್ಯಾಪ್‌ಟಾಪು.

ಬೆಣ್ಣೆಕೈ ಸ್ಟೂಲಿನ ಮೇಲೆ ಕೂತು ಒಂಟೆಯ ಕತೆ ಹೇಳಿದ. ಕೈಯ ಕತೆ ಹೇಳಲಿಲ್ಲ.

“ನಂಗೆ ಇದನ್ನ ನಿಲ್ಲಿಸೋದು ಆಮೇಲೆ ಹೇಳು ಅಕ್ಕ. ಮೊದ್ಲು ಒಂಟೆ ಹೇಗೆ ದಾಟ್ತು ಅಂತ ಹೇಳು.”

ರಿಪೇರಿ ಅಕ್ಕ ಸ್ಕ್ರೂಡ್ರೈವರನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡಳು. ಇಷ್ಟು ವರ್ಷದಲ್ಲಿ ಆ ಸ್ಟೂಲಿನ ಮೇಲೆ ಕೂತವರೆಲ್ಲ ಬೇಗ ಸರಿ ಮಾಡು ಅಂದವರೇ. ಹೇಗೆ ಅಂತ ಕೇಳಿದವನು ಇವನೇ ಮೊದಲು.

“ಅಣ್ಣ, ಆ ಗುಪ್ತ ಕಿಟಕಿ ಇದೆಯಲ್ಲ, ಅದು ಮನೆಯವರಿಗೆ ಕಾಣದ ಹಾಗೆ ಪರದೆ ಎಳೆಯತ್ತೆ ಅಷ್ಟೇ. ಬೀದಿ ಕಡೆ ಕಿಟಕಿ ಬಾಯಿ ಬಿಟ್ಕೊಂಡೇ ಇರತ್ತೆ. ಇನ್ನು ನಿಮ್ಮ ಮನೇಲಿ ಎಲ್ಲರ ಫೋನಿಗೂ ಒಂದೇ ವೈಫೈ. ಹೊರಗಿನವರಿಗೆ ಒಂದೇ ವಿಳಾಸ ಕಾಣತ್ತೆ. ಈ ಮನೇಲಿ ಯಾರಿಗೋ ಒಂಟೆ ಬೇಕು ಅಂತ ಅವರಿಗೆ ಗೊತ್ತು. ಯಾರಿಗೆ ಅಂತ ಗೊತ್ತಿಲ್ಲ. ಅದಕ್ಕೆ ಎಲ್ಲರಿಗೂ ತೋರಿಸಿದ್ರು.”

“ಅವರು ಅಂದ್ರೆ ಯಾರು?”

“ತೋರಿಸ್ತೀನಿ.”

ಒಂದು ಲ್ಯಾಪ್‌ಟಾಪಿನಲ್ಲಿ ಅವಳು ಬೇರೆ ಬ್ರೌಸರ್ ತೆರೆದಳು. ಸುಮ್ಮನೆ ಒಂದು ಸುದ್ದಿಯ ಪುಟಕ್ಕೆ ಹೋದಳು. ಮಳೆ ಬರುತ್ತದೋ ಇಲ್ಲವೋ ಅನ್ನುವ ಸುದ್ದಿ. ಮೂಲೆಯ ಸಣ್ಣ ಗುರಾಣಿ ಚಿತ್ರವನ್ನು ಒತ್ತಿದಾಗ ಹೆಸರುಗಳ ಸಾಲು ಇಳಿಯಿತು. ಇಳಿಯುತ್ತಲೇ ಹೋಯಿತು. ಒಂದೂ ಆತ ಕೇಳಿದ ಹೆಸರಲ್ಲ.

“ಇವರೆಲ್ಲ ಯಾರು?”

“ನೀವು ಮಳೆ ಸುದ್ದಿ ಓದೋವಾಗ ಹೆಗಲ ಹಿಂದಿಂದ ಇಣುಕಿ ನೋಡೋಕೆ ಬಂದವರು. ಈ ಬ್ರೌಸರ್ ಅವರನ್ನ ಬಾಗಿಲಲ್ಲೇ ನಿಲ್ಲಿಸಿದೆ. ನಿಮ್ಮ ಫೋನಲ್ಲಿರೋದು ಒಳಗೆ ಕರೆದು ಕುರ್ಚಿ ಹಾಕತ್ತೆ.”

ಬೆಣ್ಣೆಕೈ ಆ ಸಾಲನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದ. ಒಂದು ಮಳೆಗೆ ಇಷ್ಟು ಜನ. ಇನ್ನು ಬಚ್ಚಲಲ್ಲಿ ಕೇಳಿದ ಪ್ರಶ್ನೆಗೆ ಎಷ್ಟು ಜನ ನೆರೆದಿದ್ದರೋ. ನಲ್ಲಿ ಬಿಟ್ಟುಕೊಂಡಿದ್ದು ನೆನಪಾಗಿ ಕಿವಿ ಬಿಸಿಯಾಯಿತು.

“ಸರಿ,” ಅಂದ. “ಆದ್ರೆ ಈ ಬ್ರೌಸರ್ ಮಾಡಿದವನು ಸಾಚಾ ಅಂತ ಏನು ಗ್ಯಾರಂಟಿ? ಅವನೂ ಇಣುಕಿದ್ರೆ?”

ರಿಪೇರಿ ಅಕ್ಕ ನಕ್ಕಳು. “ಒಳ್ಳೇ ಪ್ರಶ್ನೆ. ಇದರ ಒಳಗಿನ ಬರಹ ಪೂರ್ತಿ ತೆರೆದಿಟ್ಟಿದ್ದಾರೆ. ಯಾರು ಬೇಕಾದ್ರೂ ಓದಬಹುದು, ತಪ್ಪು ಹಿಡೀಬಹುದು, ತಮಗೆ ಬೇಕಾದ ಹಾಗೆ ತಿದ್ದಿಕೊಳ್ಳಬಹುದು.”

“ನಾನು ಓದಿದ್ರೆ ಅರ್ಥ ಆಗತ್ತಾ?”

“ನಂಗೇ ಪೂರ್ತಿ ಆಗಲ್ಲ. ಆಗೋರು ಲೋಕದಲ್ಲಿ ಇದ್ದಾರೆ. ಓದ್ತಾರೆ, ಒಬ್ಬರನ್ನೊಬ್ಬರು ಬೈಕೋತಾರೆ, ತಿದ್ತಾರೆ. ಹಾಗಂತ ಇದನ್ನ ಹಾಕ್ಕೊಂಡ ತಕ್ಷಣ ನೀವು ಮಾಯ ಆಗಿಬಿಡಲ್ಲ ಅಣ್ಣ. ಕಮ್ಮಿ ಕಾಣ್ತೀರ, ಅಷ್ಟೇ. ಯಾರಾದ್ರೂ ಪೂರ್ತಿ ಮಾಯ ಮಾಡ್ತೀನಿ ಅಂದ್ರೆ ಅವನ ಹತ್ರ ಹೋಗಬೇಡಿ.”

ಬೆಣ್ಣೆಕೈಗೆ ತಟ್ಟನೆ ತಿಳಿಯಿತು. ತನ್ನ ಅಂಗಡಿಯಲ್ಲಿ ಪ್ರತಿ ಗಿರಾಕಿಯ ಎದುರಿಗೆ, ಅವನ ಕಣ್ಣು ಕನ್ನಡಿಯಲ್ಲಿ ತನ್ನ ಕೈಯ ಮೇಲಿರುವಾಗಲೇ, ಹೊಸ ಬ್ಲೇಡಿನ ಕಾಗದ ಹರಿದು ಹಾಕುವುದಿಲ್ಲವೇ? ಒಳಗೆ ಹೋಗಿ ಹಾಕಿಕೊಂಡು ಬಂದು ‘ಹೊಸದೇ, ನಂಬಿ’ ಅಂದರೆ ನಂಬುತ್ತಾರೆಯೇ? ಗಿರಾಕಿಗೆ ಉಕ್ಕಿನ ಗುಣ ಗೊತ್ತಿರಬೇಕಾಗಿಲ್ಲ. ಕಾಗದ ಹರಿಯುವುದು ಕಂಡರೆ ಸಾಕು.

“ಹಾಕಿಕೊಡು,” ಅಂದ. “ಅಲ್ಲ, ಹಾಕೋದು ನಂಗೂ ಕಲಿಸು.”

*

ಅಲ್ಲಿಂದ ಬೆಣ್ಣೆಕೈಗೆ ಒಂದು ಹುಚ್ಚು ಹಿಡಿಯಿತು. ಮನೆಯ ಹಳೇ ಕಂಪ್ಯೂಟರು ತೆರೆದುಕೊಳ್ಳುವಷ್ಟರಲ್ಲಿ ಒಂದು ಕಟಿಂಗು ಮುಗಿಸಬಹುದಿತ್ತು. ರಿಪೇರಿ ಅಕ್ಕ ಕೊಟ್ಟ ಮುಕ್ತ ಸಾಫ್ಟ್‌ವೇರನ್ನು ತುಂಬಿದ ಮೇಲೆ ಅದು ಕೆಮ್ಮದೆ ಏಳತೊಡಗಿತು. ಹೊಸ ಬ್ರೌಸರು ಫೋನಿಗೆ ಬಂತು, ಕಂಪ್ಯೂಟರಿಗೆ ಬಂತು, ಅಂಗಡಿಯ ಟೀವಿಗೆ ಸಿಕ್ಕಿಸಿದ ಪುಟ್ಟ ಪೆಟ್ಟಿಗೆಗೂ ಬಂತು. ಬರೀ ಬಂದರೆ ಸಾಲದು, ಆತ ಅದನ್ನು ತನ್ನ ಅಳತೆಗೆ ಕತ್ತರಿಸಬೇಕು. ಬೇಡದ ಗುಂಡಿಗಳನ್ನು ತೆಗೆದ. ಅಕ್ಷರ ದಪ್ಪ ಮಾಡಿದ. ಬಿಳಿ ಹಿನ್ನೆಲೆ ಕಣ್ಣಿಗೆ ಚುಚ್ಚುತ್ತದೆ ಅಂತ ಹಳೇ ಚಹಾದ ಬಣ್ಣ ಹಾಕಿದ. ಬ್ಯಾಂಕಿನ ಕೆಲಸಕ್ಕೆ ಒಂದು ಕೋಣೆ, ಹಾಡಿಗೆ ಒಂದು ಕೋಣೆ, ರೋಗದ ವಿಚಾರಕ್ಕೆ ಇನ್ನೊಂದು ಕೋಣೆ ಎಂದು ಬ್ರೌಸರಿನೊಳಗೇ ಗೋಡೆ ಎಬ್ಬಿಸಿದ. ಒಬ್ಬರ ಟವಲು ಇನ್ನೊಬ್ಬರಿಗೆ ಹೋಗಬಾರದು ಎಂಬುದು ಆತನ ಕಸುಬಿನ ಮೊದಲ ಶುದ್ಧಿ. ತಾನು ಇಷ್ಟು ದಿನ ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯಲೂ ಹೆದರುತ್ತ ಬದುಕಿದ್ದವನು, ಈಗ ಸ್ವಂತ ಗೋಡೆಗೆ ತನಗೆ ಬೇಕಾದಲ್ಲಿ ಮೊಳೆ ಹೊಡೆಯುತ್ತಿದ್ದೇನೆ ಅನ್ನಿಸಿತು.

ಹೆಂಡತಿ ತನ್ನ ಫೋನನ್ನು ಮುಂದೆ ಹಿಡಿದಳು. “ಮೊದಲು ಈ ಒಂಟೆಗಳನ್ನ ಹೊರಗೆ ಹಾಕಿ.”

ಒಂಟೆಗಳು ಹೋದವು. ಮತ್ತೊಮ್ಮೆ ಪರೀಕ್ಷೆಗೆ ಹಡಗಿನ ಲಂಗರು ಹುಡುಕಿ ನೋಡಿದ. ದಿನಗಳು ಕಳೆದರೂ ಲಂಗರು ಎಲ್ಲೂ ತೇಲಲಿಲ್ಲ. ಅದಾದ ಮೇಲೆಯೇ, ಮೂರನೇ ಕೋಣೆಯನ್ನು ತೆರೆದು, ಕೈಯ ಬಗ್ಗೆ ಓದಿದ. ಈ ಸಲ ನಲ್ಲಿ ಬಿಡಲಿಲ್ಲ. ಓದಿದ್ದರಲ್ಲಿ ಅರ್ಧ ಹೆದರಿಸಿತು, ಅರ್ಧ ಸಮಾಧಾನ ಹೇಳಿತು. ಕೊನೆಗೆ ಎಲ್ಲವೂ ಒಂದೇ ಮಾತಿಗೆ ಬಂದು ನಿಂತಿತು: ಡಾಕ್ಟರಿಗೆ ತೋರಿಸಿ. ಆತ ಆ ಪುಟವನ್ನು ಮುಚ್ಚಿದ.

ಹುಚ್ಚು ಅತಿಯಾದದ್ದು ಅಂಗಡಿಯಲ್ಲಿ. ಪ್ರತಿ ಗಿರಾಕಿ ಎದ್ದ ಮೇಲೆ ಟವಲು ಬದಲಾಯಿಸಿ ಕುರ್ಚಿ ಒರೆಸುವ ಹಾಗೆ, ಅಂಗಡಿಯ ಪೆಟ್ಟಿಗೆಯೂ ಪ್ರತಿ ಸಲ ಮುಚ್ಚಿದಾಗ ನಡೆದದ್ದನ್ನೆಲ್ಲ ಮರೆತುಬಿಡಬೇಕು ಎಂದು ಆತ ಸೆಟ್ಟಿಂಗ್ ಇಟ್ಟ. ಕ್ಷೌರಿಕನಿಗೆ ಮಾತ್ರ ಹೊಳೆಯುವ ಬುದ್ಧಿ, ಕ್ಷೌರಿಕ ಮಾತ್ರ ಮಾಡಬಹುದಾದ ತಪ್ಪು. ಭಾವಮೈದನ ಗಿರಾಕಿಗಳು ಸಮಯ ಕಾದಿರಿಸುತ್ತಿದ್ದದ್ದು ಅದೇ ಪೆಟ್ಟಿಗೆಯಲ್ಲಿ ತೆರೆಯುವ ಒಂದು ಪುಟದಲ್ಲಿ. ಬೆಳಿಗ್ಗೆ ಬಂದರೆ ಪೆಟ್ಟಿಗೆಗೆ ಅವನು ಯಾರೆಂಬುದೇ ಗೊತ್ತಿಲ್ಲ, ಪಾಸ್‌ವರ್ಡು ಕೇಳುತ್ತದೆ. ಅವನಿಗೆ ಅದು ನೆನಪಿಲ್ಲ. ಹೊರಗೆ, ಒಂದೇ ಹೊತ್ತಿಗೆ ಬರಲು ಹೇಳಿಸಿಕೊಂಡ ಇಬ್ಬರು ಜಗಳಕ್ಕೆ ನಿಂತಿದ್ದಾರೆ.

“ಭಾವ, ಇದೇನಿದು? ದಿನಾ ಬೆಳಿಗ್ಗೆ ಈ ಟೀವಿಗೆ ನಾನು ಯಾರು ಅಂತ ಪರಿಚಯ ಮಾಡ್ಕೊಡಬೇಕಾ?”

“ಅದು ಒಳ್ಳೇದಕ್ಕೇ ಕಣೋ. ಮರೆತ್ರೆ ಯಾರಿಗೂ ಹೇಳಲ್ಲ.”

“ನನ್ನ ಬಗ್ಗೆ ಬೇರೆಯವರಿಗೆ ಹೇಳೋ ಅಂಥದ್ದು ಏನೂ ಇಲ್ಲ. ಮ್ಯಾಚು ನೋಡ್ತೀನಿ, ಶೂ ನೋಡ್ತೀನಿ, ಹಾಡು ಕೇಳ್ತೀನಿ. ಯಾರು ಬೇಕಾದ್ರೂ ನೋಡ್ಕೊಳ್ಳಿ.” ಭಾವಮೈದ ಬಾಚಣಿಗೆಯನ್ನು ಮೇಜಿನ ಮೇಲೆ ಹಾಕಿದ. “ಇಷ್ಟಕ್ಕೂ ನಿಮಗೆ ಮುಚ್ಚಿಡೋ ಅಂಥದ್ದು ಏನಿದೆ ಭಾವ?”

ಬೆಂಚಿನ ಮೇಲಿದ್ದವರು ಪೇಪರಿನಿಂದ ತಲೆ ಎತ್ತಿದರು. ಈ ಪ್ರಶ್ನೆಯನ್ನು ಲೋಕದ ಎಲ್ಲ ಚಾಡಿಕೋರರೂ ಕೇಳುತ್ತಾರೆ. ಭಾವಮೈದ ಕೇಳಿದ್ದು ಮಾತ್ರ ಮುಗ್ಧವಾಗಿ. ಅದಕ್ಕೆ ಸರಿಯಾದ ಉತ್ತರಗಳು ಬೇಕಾದಷ್ಟಿವೆ. ಬಾಗಿಲು ಹಾಕಿಕೊಂಡು ಸ್ನಾನ ಮಾಡುವವನು ಕಳ್ಳನಲ್ಲ. ಅವೆಲ್ಲ ಬೆಣ್ಣೆಕೈಯ ನಾಲಿಗೆಯ ತುದಿಯಲ್ಲಿದ್ದವು. ಆದರೆ ಆಗ ಆತನ ಕುರ್ಚಿಯಲ್ಲಿ ಒಬ್ಬ ಗಿರಾಕಿ ಕತ್ತೆತ್ತಿ ಕೂತಿದ್ದ, ಆತನ ಬಲಗೈಯಲ್ಲಿ ತೆರೆದ ರೇಜರಿತ್ತು. ಕತ್ತು ಕೊಟ್ಟವನಿಂದ ತಾನು ಮುಚ್ಚಿಟ್ಟದ್ದು ಏನು?

“ಕ್ಷೌರ ಮುಗೀಲಿ,” ಅಂದ. ಮುಗಿಸಿದ. ಆಮೇಲೆ ಮೈ ಸರಿಯಿಲ್ಲ ಎಂದು ಹೇಳಿ ಮನೆಗೆ ನಡೆದ.

*

ಹೆಂಡತಿಗೆ ಅವತ್ತು ರಜೆ. ಕಿಟಕಿಯ ಪಕ್ಕ ಕೂತು ಒಗೆದ ಬಟ್ಟೆ ಮಡಿಸುತ್ತಿದ್ದಳು. ಬೆಣ್ಣೆಕೈ ಎದುರಿಗೆ ಕೂತು, ಎಡಗೈಯನ್ನು ಅವಳ ಮುಂದೆ ಮಂಡಿಯ ಮೇಲಿಟ್ಟ. ಸ್ವಲ್ಪ ಹೊತ್ತಿಗೆ ಬೆರಳುಗಳು ತಮ್ಮ ಗೋಲಿ ಉರುಳಿಸತೊಡಗಿದವು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಅವಳು ನೋಡಿದಳು. ತನ್ನ ಕೈಯಿಂದ ಆ ಕೈಯನ್ನು ಒತ್ತಿ ಹಿಡಿದಳು. ನಿಂತಿತು. ಬಿಟ್ಟಳು. ಮತ್ತೆ ಶುರುವಾಯಿತು.

“ಯಾವಾಗಿಂದ?”

ಹೇಳಿದ. ಬಚ್ಚಲು, ನಲ್ಲಿ, ಫೋನು, ಟೀವಿಯ ಜಾಹೀರಾತು, ಒಂಟೆಯ ನಿಜವಾದ ಲೆಕ್ಕ, ಎಲ್ಲವನ್ನೂ ಹೇಳಿದ. ಅವಳು ನಗಲಿಲ್ಲ.

“ಅಂದ್ರೆ ಮೊದಲು ಫೋನಿಗೆ ಹೇಳಿದ್ರಿ.”

“ಕೇಳಿದ್ದು ಕಣೇ. ಹೇಳಿದ್ದಲ್ಲ.”

“ಎರಡೂ ಒಂದೇ. ಆಮೇಲೆ ಅದು ಊರಿಗೆಲ್ಲಾ ಹೇಳ್ತು. ಆಮೇಲೆ ಅದರ ಬಾಯಿ ಮುಚ್ಚಿಸೋಕೆ ಆ ಅಕ್ಕನ ಹತ್ರ ಹೋದ್ರಿ, ವಾರಗಟ್ಟಲೆ ಕೂತು ಕಲಿತ್ರಿ, ನನ್ನ ಫೋನೂ ಸರಿ ಮಾಡಿಕೊಟ್ರಿ. ನಾನು ಮಾತ್ರ ಇಲ್ಲೇ ಇದ್ದೆ. ನಂಗೆ ವೈಫೈ ಬೇಕಾಗಿರ್ಲಿಲ್ಲ, ಪಾಸ್‌ವರ್ಡೂ ಬೇಕಾಗಿರ್ಲಿಲ್ಲ.”

ಅವಳು ಒಂದು ಅಂಗಿಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು.

“ನೀವು ಮಾಡಿದ್ದು ತಪ್ಪು ಅನ್ನಲ್ಲ. ಯಾರೋ ಗುರುತಿಲ್ಲದವರು ನಿಮ್ಮ ಕೈ ಸುದ್ದಿ ಮಾರ್ಕೊಂಡು ತಿನ್ನೋದು ಬೇಡ. ಅವರಿಗೆ ಬಾಗಿಲು ಹಾಕಿದ್ರಿ, ಸರಿ. ಆದ್ರೆ ನನ್ನನ್ನೂ ಅವರ ಜೊತೆ ಹೊರಗೆ ನಿಲ್ಲಿಸಿದ್ರಿ.” ಅಂಗಿಯನ್ನು ಪಕ್ಕಕ್ಕಿಟ್ಟು ಕೇಳಿದಳು: “ನಿಮ್ಮ ಕುರ್ಚಿ ಮೇಲೆ ಕೂರೋರು? ಅವರೂ ಹೊರಗೇನಾ?”

“ಒಬ್ಬರಿಗೂ ಗಾಯ ಆಗಿಲ್ಲ.”

“ಆಗಿದ್ಯಾ ಅಂತ ಕೇಳ್ಲಿಲ್ಲ.”

ಸಂಜೆ ಅವಳು ಆಸ್ಪತ್ರೆಗೆ ತಾನೇ ಫೋನು ಮಾಡಿ, ನಾಡಿದ್ದಿನ ಬೆಳಿಗ್ಗೆಗೆ ಸಮಯ ತೆಗೆದುಕೊಂಡಳು. “ನಾನೂ ಬರ್ತೀನಿ,” ಅಂದಳು. ಆತ ಕೇಳಿರಲಿಲ್ಲ.

*

ಮಾರನೇ ದಿನ ಬೆಣ್ಣೆಕೈ ಮೊದಲು ಮಾಡಿದ ಕೆಲಸ, ಅಂಗಡಿಯ ಪೆಟ್ಟಿಗೆಯ ಸೆಟ್ಟಿಂಗ್ ಬದಲಾಯಿಸಿದ್ದು. ಭಾವಮೈದನ ಕಾದಿರಿಸುವ ಪುಟ ಒಂದನ್ನು ಮಾತ್ರ ನೆನಪಿಟ್ಟುಕೋ, ಉಳಿದದ್ದನ್ನು ಮರೆ. ಅಂಥ ಸೌಕರ್ಯವೂ ಅದರಲ್ಲಿತ್ತು. ಸಿಟ್ಟಿನ ಭರದಲ್ಲಿ ಆತ ಅಷ್ಟು ಕೆಳಗೆ ಓದಿರಲಿಲ್ಲ. ಭಾವಮೈದ ತನ್ನ ಗಿರಾಕಿಗಳ ಹೆಸರು ತಾನಾಗಿಯೇ ತೆರೆದುಕೊಂಡದ್ದನ್ನು ನೋಡಿ ಹುಬ್ಬೇರಿಸಿದ.

“ನಾನು ಯಾರು ಅಂತ ಗೊತ್ತಾಯ್ತಾ ಇದಕ್ಕೆ?”

“ನೀನು ಯಾರು ಅಂತ ಗೊತ್ತು. ನಿನ್ನ ಶೂ ಸೈಜು ಗೊತ್ತಿಲ್ಲ.”

ಅಷ್ಟರಲ್ಲಿ ಅಂಚೆಯಣ್ಣ ಬಂದ. ಪತ್ರದ ಚೀಲ ಮೂಲೆಗಿಟ್ಟು, ಬೆಣ್ಣೆಕೈಯ ಕುರ್ಚಿಯಲ್ಲಿ ಕೂತು, ಎಂದಿನಂತೆ ಕಣ್ಣು ಮುಚ್ಚಿ ಗದ್ದ ಎತ್ತಿದ. ಬೆಣ್ಣೆಕೈ ಬ್ರಶ್ಶನ್ನು ನೀರಿಗೆ ಅದ್ದಲಿಲ್ಲ.

“ಅಣ್ಣ, ಕಣ್ಣು ಬಿಡು. ಒಂದು ವಿಷ್ಯ ಇದೆ.”

ಅಂಚೆಯಣ್ಣ ಒಂದು ಕಣ್ಣು ಬಿಟ್ಟ. “ರೇಟು ಜಾಸ್ತಿ ಮಾಡ್ದೆಯಾ?”

“ಇಲ್ಲ. ಅವತ್ತು ಟೀವಿ ಕೇಳ್ತಲ್ಲ, ಕೈ ನಡುಗತ್ತಾ ಅಂತ. ಅದು ನನ್ನನ್ನೇ ಕೇಳಿದ್ದು. ನಡುಗತ್ತೆ. ಎಡಗೈ. ಕೆಲಸ ಮಾಡೋವಾಗ ಇಲ್ಲ, ಇಲ್ಲೀವರೆಗೆ. ನಾಳೆ ಡಾಕ್ಟರ ಹತ್ರ ಹೋಗ್ತಾ ಇದೀನಿ. ನಿಂಗೆ ಹೇಳದೆ ನಿನ್ನ ಕತ್ತಿನ ಮೇಲೆ ರೇಜರ್ ಇಡೋದು ಸರಿ ಅಲ್ಲ ಅನ್ನಿಸ್ತು.”

ಪಕ್ಕದಲ್ಲಿ ಭಾವಮೈದನ ಕತ್ತರಿ ನಿಂತಿತು. ಬೆಂಚಿನಲ್ಲಿ ಪೇಪರು ಮಡಿಸುವ ಸದ್ದಾಯಿತು. ಅಂಚೆಯಣ್ಣ ಇನ್ನೊಂದು ಕಣ್ಣನ್ನೂ ಬಿಟ್ಟು, ಕನ್ನಡಿಯಲ್ಲಿ ಬೆಣ್ಣೆಕೈಯನ್ನು ನೋಡಿದ. ಆಮೇಲೆ ಕತ್ತು ತಿರುಗಿಸಿ ನೇರವಾಗಿ ನೋಡಿದ.

“ತೋರ್ಸು.”

ತೋರಿಸಿದ. ಅಂಚೆಯಣ್ಣ ನೋಡಿದ. ‘ಏನೂ ಇಲ್ಲ ಬಿಡು’ ಅಂತ ಸುಳ್ಳು ಸಮಾಧಾನ ಹೇಳಲಿಲ್ಲ, ಅಯ್ಯೋ ಪಾಪ ಅನ್ನಲೂ ಇಲ್ಲ.

“ಹೆದರಿಕೆ ಆಗತ್ತಪ್ಪಾ,” ಅಂದ ಕೊನೆಗೆ. “ಸುಳ್ಳು ಯಾಕೆ ಹೇಳ್ಲಿ. ಡಾಕ್ಟರ್ ಏನಂತಾರೋ ನೋಡೋಣ. ಅಲ್ಲೀವರೆಗೆ ಕಟಿಂಗು ನೀನು ಮಾಡು, ಶೇವಿಂಗು ಅವನು ಮಾಡ್ಲಿ.”

“ಆಗಲಿ,” ಅಂದ ಬೆಣ್ಣೆಕೈ. ಇಷ್ಟು ವರ್ಷದಲ್ಲಿ ಅಂಚೆಯಣ್ಣನ ಗದ್ದವನ್ನು ಬೇರೆ ಯಾರೂ ಮುಟ್ಟಿರಲಿಲ್ಲ.

ಅಂಚೆಯಣ್ಣ ಎದ್ದು ಪಕ್ಕದ ಕುರ್ಚಿಗೆ ಹೋದ. ಕೂರುವ ಮೊದಲು, ಬೆಂಚಿನವರಿಗೆ ಬೆನ್ನು ಹಾಕಿ, ತನ್ನ ಫೋನನ್ನು ಜೇಬಿನಿಂದ ತೆಗೆದು ಬೆಣ್ಣೆಕೈಯ ಕೈಗಿತ್ತ. “ನಾನೂ ಇದನ್ನ ಏನೇನೋ ಕೇಳಿಬಿಟ್ಟಿದೀನಿ,” ಅಂದ ಪಿಸುಗುಟ್ಟುತ್ತ. “ಆ ರಿಪೇರಿ ಅಕ್ಕ ನಿಂಗೆ ಹಾಕಿಕೊಟ್ಟಿದ್ದನ್ನ ಇದಕ್ಕೂ ಹಾಕು.” ಏನು ಕೇಳಿದ್ದೆ ಎಂದು ಬೆಣ್ಣೆಕೈ ಕೇಳಲಿಲ್ಲ.

ಭಾವಮೈದ ನೊರೆ ಹಚ್ಚಿದ. ಭಾವನ ಗಿರಾಕಿ, ಎಲ್ಲರ ಕಣ್ಣೂ ತನ್ನ ಮೇಲೆ. ಜೊತೆಗೆ ಈಗಷ್ಟೇ ಕೇಳಿದ ಸುದ್ದಿ ಎದೆಯಲ್ಲಿ ಕೂತಿತ್ತು. ಟೀವಿಯ ಹಾಡು ಜಾಹೀರಾತಿನ ತಡೆಯಿಲ್ಲದೆ ಹರಿಯುತ್ತಿತ್ತು. ಕೆನ್ನೆ ದಾಟಿ, ದವಡೆಯ ಮೂಲೆ ತಿರುಗುವಾಗ ಅವನ ರೇಜರು ಒಮ್ಮೆ ತಡವರಿಸಿತು. ಬಿಳಿ ನೊರೆಯಲ್ಲಿ ಸಾಸಿವೆಯಷ್ಟು ಕೆಂಪು ಮೂಡಿತು.

“ಸ್,” ಅಂದ ಅಂಚೆಯಣ್ಣ. ಕನ್ನಡಿಯಲ್ಲಿ ಗಾಯ ನೋಡಿಕೊಂಡು, ಇಬ್ಬರ ಮುಖವನ್ನೂ ನೋಡಿದ. “ಯಾರ ಕೈ ನಡುಗತ್ತೆ ಅಂದ್ರಿ?”

ಬೆಂಚಿನವರು ನಕ್ಕರು. ಭಾವಮೈದ ಬೆವರು ಒರೆಸಿಕೊಂಡು, “ಭಾವ, ಪಟಿಕ,” ಅಂದ.

ಬೆಣ್ಣೆಕೈ ಪಟಿಕದ ತುಂಡನ್ನು ನೀರಿಗೆ ಅದ್ದಿ, ಬಲಗೈಯಿಂದ ಅಂಚೆಯಣ್ಣನ ತಲೆಯನ್ನು ಹಿಂದಕ್ಕೆ ಒರಗಿಸಿ, ಎಡಗೈಯಿಂದ ಆ ಸಣ್ಣ ಗಾಯದ ಮೇಲೆ ಒತ್ತಿ ಹಿಡಿದ. ಅಂಚೆಯಣ್ಣ ಕಣ್ಣು ಮುಚ್ಚಲಿಲ್ಲ. ಕನ್ನಡಿಯಲ್ಲಿ ಆ ಕೈಯನ್ನೇ ನೋಡುತ್ತಿದ್ದ. ಬೆಂಚಿನವರೂ ನೋಡುತ್ತಿದ್ದರು. ನೋಡಲಿ ಅಂತ ಬೆಣ್ಣೆಕೈ, ರಕ್ತ ನಿಲ್ಲುವವರೆಗೆ, ಕೈ ತೆಗೆಯಲಿಲ್ಲ.